ಎರಡು ಸೂರ್ಯೋದಯದಷ್ಟು ದೂರ

"ಪರ್ತ್ ಎಷ್ಟು ದೂರನೋ?" ಅಂತ ಮೊನ್ನೆ ಅಮ್ಮ ಕೇಳಿದ್ಲು. ಆಸ್ಟ್ರೇಲಿಯಾದ ಆ ಊರಿಂದ ಅಕ್ಕನ ಮಗ ಹೊರಟಿದ್ದ. "ಹದಿನೈದು ಗಂಟೆ" ಅಂದೆ. "ದೂರ ಕೇಳಿದ್ರೆ ಹೊತ್ತು ಹೇಳ್ತೀಯಲ್ಲ!" ಅಂದ್ಲು.

ನಿಜ ಅಲ್ವಾ? ಬೆಂಗಳೂರಿಂದ ಪರ್ತ್‌ಗೆ ನೇರ ಗೆರೆ ಎಳೆದರೆ ಸುಮಾರು 6,400 ಕಿ.ಮೀ. ಅದು ಬದಲಾಗಲ್ಲ. ಬದಲಾಗೋದು ಹೊತ್ತು ಮಾತ್ರ.

ಇದೇ ಹಿಂದೂ ಮಹಾಸಾಗರದ ಮೇಲಿನ ಒಂದು ಹಳೇ ಕತೆ ಹೇಳ್ತೀನಿ ಕೇಳಿ. 1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ಕೈಸೇರಿತು. ಆಸ್ಟ್ರೇಲಿಯಾ-ಇಂಗ್ಲೆಂಡ್ ವಿಮಾನದ ದಾರಿ ಕಡಿದುಹೋಯಿತು. 1943ರಲ್ಲಿ ಕ್ವಾಂಟಾಸ್ ಕಂಪನಿ ಹೊಸ ದಾರಿ ಹಿಡಿಯಿತು. ಪರ್ತ್‌ನ ಸ್ವಾನ್ ನದಿಯಿಂದ ಎದ್ದು ಸಿಲೋನಿನ ಕೊಗ್ಗಲ ಸರೋವರದಲ್ಲಿ ಇಳಿಯೋದು. ನಡುವೆ ಎಲ್ಲೂ ನಿಲ್ಲದೆ, ಸುಮಾರು 5,650 ಕಿ.ಮೀ.!

ವಿಮಾನ ಕೆಟಲೀನಾ, ನೀರಿನ ಮೇಲೆ ಇಳಿಯೋ ಜಾತಿಯದು. ವೇಗ ಗಂಟೆಗೆ ಸುಮಾರು 200 ಕಿ.ಮೀ. ಅಷ್ಟೇ. ತೂಕವೆಲ್ಲ ಪೆಟ್ರೋಲಿಗೇ ಹೋಗ್ತಿದ್ದರಿಂದ ಪ್ರಯಾಣಿಕರು ಮೂರೇ ಜನ, ಜೊತೆಗೆ 69 ಕಿಲೋ ಟಪಾಲು. ಬಂದೂಕಿಲ್ಲ. ಶತ್ರುಗಳಿಗೆ ಸುಳಿವು ಸಿಗಬಾರದಂತ ರೇಡಿಯೋ ಮೌನ. ಜಪಾನೀಯರ ಕಾವಲಿದ್ದ ಕಡೆ ಕತ್ತಲಲ್ಲೇ ದಾಟಬೇಕು. 27ರಿಂದ 33 ಗಂಟೆ ಹಿಡಿಯುತ್ತಿತ್ತು, ಹಾಗಾಗಿ ಒಂದೇ ಪಯಣದಲ್ಲಿ ಎರಡು ಸಲ ಸೂರ್ಯ ಹುಟ್ಟೋದನ್ನ ನೋಡ್ತಿದ್ರು. ಅದಕ್ಕೇ ಈ ಸೇವೆಗೆ 'ಡಬಲ್ ಸನ್‌ರೈಸ್' ಅನ್ನೋ ಹೆಸರು.

ದಾರಿ ತೋರಿಸ್ತಿದ್ದದ್ದು ನಕ್ಷತ್ರಗಳು. ಐದು ವಿಮಾನಗಳಿಗೂ ನಕ್ಷತ್ರಗಳದೇ ಹೆಸರು: ಸ್ಪೈಕಾ, ಅಂಟಾರೆಸ್, ಆಲ್ಟೇರ್, ವೇಗಾ, ರೈಗೆಲ್. ಮೊದಲ ನಾಲ್ಕು ನಮ್ಮ ಚಿತ್ರಾ, ಜ್ಯೇಷ್ಠಾ, ಶ್ರವಣ, ಅಭಿಜಿತ್! 1945ರವರೆಗೆ 271 ಸಲ ಸಾಗರ ದಾಟಿದವು. ಒಂದೂ ಕಳೆದುಹೋಗಲಿಲ್ಲ. ಯುದ್ಧ ಮುಗಿದ ಮೇಲೆ ಪಾಪ, ಅವನ್ನ ಸಮುದ್ರದಲ್ಲಿ ಮುಳುಗಿಸಿಬಿಟ್ಟರು.

ನಮ್ಮ ಬೆಂಗಳೂರಿಗೂ ಕೆಟಲೀನಾ ಅಪರಿಚಿತ ಅಲ್ಲ. ಅದೇ ಯುದ್ಧದ ಕಾಲದಲ್ಲಿ ಸೇನೆಯ ಕೆಟಲೀನಾಗಳು ರಿಪೇರಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ಗೆ ಬರ್ತಿದ್ವು. ಅವು ಇಳೀತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ! ನೊರೆ ಉಕ್ಕಿಸಿ ಸುದ್ದಿಯಾಯ್ತಲ್ಲ, ಅದೇ ಕೆರೆ.

ಆಮೇಲೆ ಹೊತ್ತು ಕುಗ್ಗುತ್ತಾ ಬಂತು. 1947ರ ಡಿಸೆಂಬರಿನಲ್ಲಿ ಕ್ವಾಂಟಾಸ್‌ನ ಸಿಡ್ನಿ-ಲಂಡನ್ ಪಯಣ ಕಲ್ಕತ್ತಾ, ಕರಾಚಿ ಮುಟ್ಟಿಕೊಂಡು ನಾಲ್ಕು ದಿನಕ್ಕಿಳಿಯಿತು. 2018ರ ಮಾರ್ಚ್‌ನಲ್ಲಿ ಪರ್ತ್‌ನಿಂದ ಲಂಡನ್‌ಗೆ 14,498 ಕಿ.ಮೀ. ನೇರ ವಿಮಾನ ಶುರುವಾಯಿತು. ಸುಮಾರು 17 ಗಂಟೆ, ಅಷ್ಟೇ.

ಅಕ್ಕನ ಮಗ ಬಂದ. ಬಂದವನೇ, "ಸಿಂಗಪುರದಲ್ಲಿ ಐದು ಗಂಟೆ ಕೂತು ಸಾಕಾಯ್ತು ಮಾವ" ಅಂದ. ಊಟಕ್ಕೆ ಕೂತಾಗ ಈ ಕತೆಯೆಲ್ಲ ಹೇಳಿದೆ. ಅವನೇನೂ ಮಾತಾಡಲಿಲ್ಲ. ಸಾರು ಬಡಿಸ್ತಿದ್ದ ಅಮ್ಮ ಮಾತ್ರ ಸೌಟು ಹಿಡಿದೇ ನಿಂತಳು.

"ಪ್ರಾಣ ಪಣಕ್ಕಿಟ್ಟು ಯಾರ್ಯಾರದೋ ಕಾಗದ ತರ್ತಿದ್ರಾ? ನಿನ್ನ ಕೈಯಲ್ಲೇ ಫೋನಿದೆ, ತಿಂಗಳಿಗೊಂದು ಸಲ ಅಜ್ಜಿಗೆ ಮಾಡಕ್ಕಾಗಲ್ವೇನೋ?"

ದೂರ ಅಳೆಯೋಕೆ ಗಂಟೆಗಳೂ ಸಾಲಲ್ಲ ಬಿಡಿ.