ಒಂದೇ ಕಲ್ಲು, ಎರಡು ಹಣೆಬರಹ

ಭಾಗ 1/7: ನಮ್ಮ ಮನಿ ಅಂಗಳ
ಮೊದಲನೇ ಫೋಟೋ ನಮ್ಮ ಮನಿದು. ಕೆಳಗ ಹಾಸಿದ್ದು ಶಹಾಬಾದ್ ಫರಸಿ, ಗೋಡೆಗೆ ಹಚ್ಚಿದ್ದು ಸಿಮೆಂಟ್. ಎರಡರ ಮೂಲವೂ ಸುಣ್ಣದ ಕಲ್ಲೇ. ಮುತ್ಯಾ ವಯಸ್ಸಿನಾಗ ಖಣಿಯಲ್ಲಿ ಫರಸಿ ಎಬ್ಬಿಸಿದವ. ಕಾಕಾನ ಹತ್ರ ಈಗ ಒಂದು ಸಣ್ಣ ಪಾಲಿಶ್ ಮಷಿನ್ ಅದ. ಹೋದ ತಿಂಗಳು ಊಟಕ್ಕ ಕುಂತಾಗ ಕಾಕಾ ಅಂದ: "ದೀಪಾವಳಿಗೆ ಬಂದ್ ಮಾಡ್ತೀನಿ. ಎಲ್ಲಾರೂ ಟೈಲ್ಸ್ ಕೇಳ್ತಾರ." ಮುತ್ಯಾ ಮಾತಾಡಲಿಲ್ಲ.
ನಾನು ಬಿಕಾಂ. ಹೊಸ ಸರಕು ಹೇಗೆ ಹುಟ್ಟುತ್ತದೆ, ಪರೀಕ್ಷೆ, ಮಾರುಕಟ್ಟೆ, ಆಮೇಲಿನ ಸುಧಾರಣೆ ಅಂತ ಉತ್ತರ ಬಾಯಿಪಾಠ ಮಾಡೀನಿ. ಆ ಪಾಠದ ಉದಾಹರಣೆ ನಮ್ಮ ಹಿತ್ತಲಾಗೇ ಇತ್ತು. ಈ ಸರಣಿ ಅದರದ್ದು.

ಭಾಗ 2/7: ಐಡಿಯಾ
1824ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಜೋಸೆಫ್ ಆಸ್ಪ್‌ಡಿನ್ ಅನ್ನೋ ಇಟ್ಟಿಗೆ ಕಟ್ಟೋ ಮೇಸ್ತ್ರಿ ಒಂದು ಪುಡಿಗೆ ಪೇಟೆಂಟ್ ತಗೊಂಡ. ಹೆಸರು ಪೋರ್ಟ್‌ಲ್ಯಾಂಡ್ ಸಿಮೆಂಟ್. ಪೋರ್ಟ್‌ಲ್ಯಾಂಡ್ ಅಂದ್ರೆ ಅಲ್ಲಿ ಹೆಸರಾದ ಕಟ್ಟಡದ ಕಲ್ಲು. ಸರಕು ಹೊಸದು, ಹೆಸರು ಮಾತ್ರ ಜನ ಮೊದಲೇ ನಂಬಿದ ಕಲ್ಲಿಂದು!
ನಮ್ಮ ದೇಶದಲ್ಲಿ 1904ರಲ್ಲಿ ಮದ್ರಾಸಿನಲ್ಲಿ ಸಮುದ್ರದ ಚಿಪ್ಪಿನಿಂದ ಸಿಮೆಂಟ್ ಮಾಡೋಕೆ ಹೋದರು, ಅದು ನಿಲ್ಲಲಿಲ್ಲ. 1914ರಲ್ಲಿ ಪೋರ್‌ಬಂದರಿನ ಇಂಡಿಯನ್ ಸಿಮೆಂಟ್ ಕಂಪನಿ ಗೆದ್ದಿತು. ಮೊದಲ ಪ್ರಯತ್ನ ಸೋತದ್ದಕ್ಕೆ ಐಡಿಯಾ ಸತ್ತಿರಲಿಲ್ಲ.

ಭಾಗ 3/7: ಜಾಗ
ಒಂದು ಟನ್ ಕ್ಲಿಂಕರ್‌ಗೆ ಸುಮಾರು ಒಂದೂವರೆ ಟನ್ ಸುಣ್ಣದ ಕಲ್ಲು ಬೇಕು. ಅದನ್ನು ಮಣ್ಣಿನ ಜೊತೆ ಅರೆದು 1450 ಡಿಗ್ರಿವರೆಗೆ ಸುಡಬೇಕು, ಆಮೇಲೆ ಸ್ವಲ್ಪ ಜಿಪ್ಸಮ್ ಹಾಕಿ ಬೀಸಬೇಕು. ಸುಟ್ಟಾಗ ಕಲ್ಲಿನ ತೂಕ ಇಳಿಯುತ್ತೆ. ಹಂಗಾಗಿ ಕಲ್ಲನ್ನು ದೂರ ಒಯ್ಯೋದು ದಂಡ, ಕಾರ್ಖಾನೆನೇ ಕಲ್ಲಿನ ಹತ್ರ ಬರಬೇಕು.
ಕಲ್ಲಿದ್ದಲು ಬರೋಕೆ, ಚೀಲ ಹೋಗೋಕೆ ರೈಲು ಬೇಕು. ಮುಂಬೈ-ಮದ್ರಾಸ್ ಹಳಿ 1871ರಲ್ಲೇ ರಾಯಚೂರಿನಲ್ಲಿ ಕೂಡಿತ್ತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲು ಬಂತು. ಕಲ್ಲು ಅದ, ಹಳಿ ಅದ. 1920ರ ದಶಕದಲ್ಲಿ ನಿಜಾಮರ ಸೀಮೆಯ ನಮ್ಮ ಶಹಾಬಾದಿಗೆ ಸಿಮೆಂಟ್ ಕಾರ್ಖಾನೆ ಬಂತು.

ಭಾಗ 4/7: ಮಾರುಕಟ್ಟೆಗೆ ಬಂದು ಮುಗ್ಗರಿಸಿದ್ದು
ಇಲ್ಲಿ ಎಲ್ಲರೂ ಗೆದ್ದರು ಅಂತ ಅನ್ಕೋಬ್ಯಾಡ್ರಿ. ಮೊದಲ ಮಹಾಯುದ್ಧದ ಲಾಭ ನೋಡಿ ದೇಶದ ತುಂಬಾ ಕಾರ್ಖಾನೆಗಳು ಎದ್ದವು. 1924ರ ಹೊತ್ತಿಗೆ ಇದ್ದ ಶಕ್ತಿಯ ಅರ್ಧದಷ್ಟೂ ಉತ್ಪಾದನೆ ಇರಲಿಲ್ಲ. ಒಬ್ಬರ ಬೆಲೆ ಇನ್ನೊಬ್ಬರು ಮುರಿದು ಮಾರಿದರು, ಕೆಲವು ಕಂಪನಿ ಮುಳುಗಿದವು. ಜನರಿಗೂ ದೇಶಿ ಸಿಮೆಂಟಿನ ಮೇಲೆ ನಂಬಿಕೆ ಕಡಿಮೆ, ವಿಲಾಯತಿ ಮಾಲೇ ಛಲೋ ಅನ್ನೋರು.
1925ರಲ್ಲಿ ಸುಂಕ ಮಂಡಳಿ ಮುಂದೆ ಹೋದಾಗ ಸಿಕ್ಕ ಬುದ್ಧಿಮಾತು: ಬೆಲೆ ಕೆಡಿಸಿದ್ದು ಹೆಚ್ಚಾಗಿ ನಿಮ್ಮ ನಿಮ್ಮ ಜಗಳವೇ, ಮೊದಲು ಕೂಡಿರಿ.

ಭಾಗ 5/7: ಬಳಸೋದು ಕಲಿಸಿದರು
ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಭಾಗ. ಮೊದಲು ತಯಾರಕರ ಸಂಘ ಆಯ್ತು. 1927ರಲ್ಲಿ ಕಾಂಕ್ರೀಟ್ ಅಸೋಸಿಯೇಷನ್ ಆಫ್ ಇಂಡಿಯಾ ಹುಟ್ಟಿತು. ಅದರ ಕೆಲಸ ಸಿಮೆಂಟ್ ಮಾಡೋದಲ್ಲ, ಕಾಂಕ್ರೀಟ್ ಹೇಗೆ ಬಳಸಬೇಕು, ಎಲ್ಲೆಲ್ಲಿ ಬಳಸಬಹುದು ಅಂತ ಜನರಿಗೆ ತಿಳಿಸೋದು. 1930ರಲ್ಲಿ ಎಲ್ಲರ ಮಾಲು ಕೂಡಿ ಮಾರೋಕೆ ಸಿಮೆಂಟ್ ಮಾರ್ಕೆಟಿಂಗ್ ಕಂಪನಿ ಬಂತು. 1936ರಲ್ಲಿ ಹತ್ತು ಕಂಪನಿ ಸೇರಿ ಎಸಿಸಿ ಆಯ್ತು, ಶಹಾಬಾದ್ ಕಂಪನಿಯೂ ಅದರೊಳಗೆ. ಈ ಒಗ್ಗೂಡಿಕೆಗೆ ಓಡಾಡಿದ ಎಫ್. ಇ. ದಿನ್‌ಶಾ ಅದನ್ನು ನೋಡಲಿಲ್ಲ, ಅದೇ ವರ್ಷದ ಆರಂಭದಲ್ಲಿ ತೀರಿಕೊಂಡಿದ್ದರು.

ಭಾಗ 6/7: ಆಮೇಲೆ
1968ರಲ್ಲಿ ವಾಡಿಯಲ್ಲಿ ಎಸಿಸಿಯ ಕಾರ್ಖಾನೆ. ಆಗ ಸಿಮೆಂಟಿನ ಬೆಲೆ, ಹಂಚಿಕೆ ಎರಡೂ ಸರ್ಕಾರದ ಕೈಯಲ್ಲಿ. 1982ರಲ್ಲಿ ಆ ಹಿಡಿತ ಅರ್ಧ ಸಡಿಲಾಯ್ತು, 1989ರಲ್ಲಿ ಪೂರ್ತಿ ಹೋಯ್ತು. ಸೇಡಂನ ವಾಸವದತ್ತಾ, ಮಳಖೇಡದ ರಾಜಶ್ರೀ ಬಂದದ್ದು ಅದೇ 80ರ ದಶಕದಲ್ಲಿ. ಈಗ ಚಿಂಚೋಳಿ ತಾಲೂಕಿನ ಛತ್ರಸಾಲಾ, ಸಂಗೇಮ್‌ವರೆಗೂ ಚಿಮಣಿ ಕಾಣ್ತಾವ.
ಸರಕೂ ಬದಲಾಯ್ತು. ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಬೆರೆಸಿದ ಪಿಪಿಸಿ ಬಂತು, ಗೋಣಿಚೀಲ ಹೋಗಿ 50 ಕೆಜಿಯ ಪ್ಲಾಸ್ಟಿಕ್ ಚೀಲ ಬಂತು. ಆದ್ರ ಎಲ್ಲಾ ಶುರುವಾದ ಶಹಾಬಾದಿನ ಹಳೇ ಕಾರ್ಖಾನೆ ನಿಂತುಹೋಯ್ತು. ಸರಕು ಬದುಕೋದು ಬ್ಯಾರೆ, ಅದನ್ನು ಮೊದಲು ಮಾಡಿದ ಊರು ಬದುಕೋದು ಬ್ಯಾರೆ. ಪುಸ್ತಕದಲ್ಲಿ ಈ ಸಾಲು ನನಗೆ ಸಿಗಲಿಲ್ಲ.

ಭಾಗ 7/7: ಫರಸಿಗೆ ಯಾರಿದ್ದಾರೆ?
ಈ ಕಥೆ ಮನೆಯಲ್ಲಿ ಹೇಳಿದೆ. ಕಾಕಾ ನಕ್ಕ: "ಅವರು ಕಂಪನಿಯವ್ರಪ್ಪಾ, ನಾವ್ ಕಲ್ಲಿನವ್ರು." ಆಗ ನಾನು ಕೇಳಿದೆ, "ಗಿರಾಕಿ ಏನಂತ ತಕರಾರು ಮಾಡ್ತಾರ ಕಾಕಾ?"
"ಹೊಳಪು ಹೋಯ್ತು ಅಂತಾರ."
ಮುತ್ಯಾ ಆವಾಗ ಬಾಯಿ ಬಿಟ್ಟ: "ಆ್ಯಸಿಡ್ ಹಾಕಿ ತೊಳದ್ರ ಹೊಳಪು ಎಲ್ಲಿ ಉಳಿಬೇಕು? ಸುಣ್ಣದ ಕಲ್ಲದು, ತಿಂದ್ ಹಾಕ್ತದ."
ಖರೇ ಅದ. ಸಂಡಾಸ ತೊಳೆಯೋ ಆ್ಯಸಿಡ್ಡು, ನಿಂಬೆಹುಳಿ ಬಿದ್ದರೂ ಫರಸಿ ಮಂಕಾಗುತ್ತೆ. ಮುತ್ಯಾಗ ಇದು ಗೊತ್ತು, ಕಾಕಾಗ ಗೊತ್ತು, ಕೊಂಡವರಿಗೆ ಮಾತ್ರ ನಮ್ಮ ಮಷಿನಿನಿಂದ ಯಾರೂ ಹೇಳಿರಲಿಲ್ಲ. ಸಿಮೆಂಟಿಗೆ 1927ರಲ್ಲೇ ಹೇಳೋರು ಇದ್ದರು. ನಮ್ಮ ತೊಗರಿಗೂ 2019ರಲ್ಲಿ ಜಿಐ ಟ್ಯಾಗ್ ಬಂದು ಊರ ಹೆಸರು ನಿಂತಿತು.
ನಿನ್ನೆ ಒಂದು ಹಾಳೆ ಬರೆದೆವು: ಫರಸಿ ಹೇಗೆ ಹಾಸಬೇಕು, ಹೇಗೆ ತೊಳೀಬೇಕು, ಏನು ಹಾಕಬಾರದು. ಮುತ್ಯಾ ಹೇಳಿದ, ನಾ ಬರೆದೆ, ಕಾಕಾ ನೂರು ಜೆರಾಕ್ಸ್ ಮಾಡಿಸಿದ. ಇನ್ಮುಂದ ಪ್ರತಿ ಲೋಡಿನ ಜೊತೆ ಒಂದು ಹಾಳೆ ಹೋಗುತ್ತೆ. ಇದರಿಂದ ಟೈಲ್ಸ್ ಸೋಲೋದಿಲ್ಲ, ನನಗೂ ಗೊತ್ತು. ಮಷಿನ್ ಬಂದ್ ಮಾಡ್ತೀಯಾ ಅಂತ ಕೇಳಿದ್ರ ಕಾಕಾ ಅಂದ, "ನೂರು ಹಾಳಿ ಖಾಲಿ ಆಗಲಿ, ನೋಡೋಣ."
ನಿಮ್ಮ ಮನೆಯಲ್ಲೂ ಫರಸಿ ಇದ್ರ ಫೋಟೋ ಕಳಿಸ್ರಿ, ಎಷ್ಟು ವರ್ಷದ್ದು ಅಂತ ಬರೀರಿ. ಮುತ್ಯಾಗ ತೋರಿಸ್ತೀನಿ.

#ಶಹಾಬಾದ್‌ಫರಸಿ #ವಾಡಿ #ಚಿತ್ತಾಪುರ #ಸೇಡಂ #ಚಿಂಚೋಳಿ #ನಮ್ಮಊರಇತಿಹಾಸ