ಕುಸಾತ್ಸು: ಬಿಸಿನೀರಿನ ಊರಿನ ಇನ್ನೊಂದು ಕೇರಿ

ಜಪಾನಿನ ಗುನ್ಮಾ ಪ್ರಾಂತ್ಯದ ಬೆಟ್ಟಗಳಲ್ಲಿ, ಸುಮಾರು 1,200 ಮೀಟರ್ ಎತ್ತರದಲ್ಲಿರುವ ಸಣ್ಣ ಊರು ಕುಸಾತ್ಸು. ಊರ ನಡುವೆಯೇ ಬಿಸಿನೀರಿನ ಬುಗ್ಗೆ ಉಕ್ಕುತ್ತದೆ. ಗಂಧಕದ ವಾಸನೆಯ, ಕಬ್ಬಿಣವನ್ನೂ ತಿನ್ನುವಷ್ಟು ಆಮ್ಲೀಯವಾದ ಈ ನೀರು ಚರ್ಮರೋಗಕ್ಕೆ ಮದ್ದೆಂಬ ನಂಬಿಕೆ ಹಳೆಯದು. ಮೇಜಿ ಕಾಲದಲ್ಲಿ ಜರ್ಮನ್ ವೈದ್ಯ ಎರ್ವಿನ್ ಬೆಲ್ಟ್ಸ್ ಇದರ ಗುಣವನ್ನು ಹೊರಜಗತ್ತಿಗೂ ಪರಿಚಯಿಸಿದರು.

ಅದೇ ನಂಬಿಕೆ, ಮನೆಯವರಿಂದ ದೂರವಾದ ಕುಷ್ಠರೋಗಿಗಳನ್ನೂ ಇಲ್ಲಿಗೆ ಕರೆತಂದಿತು. ಆದರೆ ಅವರಿದ್ದರೆ ಉಳಿದ ಗಿರಾಕಿಗಳು ಬರಲಾರರೆಂಬ ಅಳುಕು ಊರಿನವರದು. 1887ರಲ್ಲಿ ರೋಗಿಗಳಿಗೆಂದು ಊರಂಚಿನಲ್ಲಿ ಯುನೊಸಾವಾ ಎಂಬ ಕೇರಿ ಬೇರೆಯಾಯಿತು. ದೂಡಿದ ಜಾಗವಾದರೂ ಅಲ್ಲಿ ಅವರು ಅಂಗಡಿ, ವಸತಿಗೃಹ ನಡೆಸಿದರು, ಮದುವೆಯಾದರು, ತೆರಿಗೆ ಕಟ್ಟಿದರು. 1916ರಲ್ಲಿ ಬಂದ ಇಂಗ್ಲಿಷ್ ಮಿಷನರಿ ಮೇರಿ ಕಾರ್ನ್‌ವಾಲ್ ಲೀ ಅಲ್ಲಿ ಆಸ್ಪತ್ರೆ, ಶಾಲೆಗಳನ್ನು ತೆರೆದರು.

1931ರ ಕಾಯ್ದೆ ರೋಗಿಗಳೆಲ್ಲರನ್ನೂ ಪ್ರತ್ಯೇಕವಾಗಿಡಲು ಹೊರಟಿತು. ಮರುವರ್ಷ ಕುಸಾತ್ಸುವಿನಲ್ಲೇ ಕುರ್ಯು ರಾಕುಸೆನ್‌ಎನ್ ಎಂಬ ಸರ್ಕಾರಿ ಆಶ್ರಮ ಶುರುವಾಯಿತು. 1941ರಲ್ಲಿ ಯುನೊಸಾವಾ ಮುಚ್ಚಿತು. ಆ ಆಶ್ರಮದ ಶಿಕ್ಷೆಯ ಕೋಣೆಗಳಲ್ಲಿ, ಹಿಮಗಾಲದಲ್ಲೂ ಬೆಂಕಿಯ ಕಾವಿಲ್ಲದೆ, 1938ರಿಂದ 1947ರವರೆಗೆ 93 ಮಂದಿಯನ್ನು ಕೂಡಿಹಾಕಲಾಯಿತು. 23 ಮಂದಿ ಸತ್ತರು. ಪ್ರತ್ಯೇಕಿಸುವ ಕಾನೂನು ರದ್ದಾದದ್ದು 1996ರಲ್ಲಿ.

ಈ ಚರಿತ್ರೆಯನ್ನು ಸಾಮಾನ್ಯವಾಗಿ ವೈದ್ಯಕೀಯದ, ಸರ್ಕಾರದ ಕಥೆಯಾಗಿ ಹೇಳುತ್ತಾರೆ. ಜಪಾನಿನ ಮೊದಲ ಕುಷ್ಠರೋಗ ಕಾನೂನು ಬಂದದ್ದು 1907ರಲ್ಲಿ. ಅದಕ್ಕೂ 20 ವರ್ಷ ಮೊದಲೇ ಕುಸಾತ್ಸುವಿನಲ್ಲಿ ಗೆರೆ ಎಳೆದದ್ದು ಪ್ರವಾಸೋದ್ಯಮ. ಸರ್ಕಾರ ಅದರ ಮೇಲೆ ಬೇಲಿ ಕಟ್ಟಿತು.