ಓರೆಯಕ್ಷರವೂ ಸೀಳುಗೆರೆಯೂ: ಕನ್ನಡ ಮುದ್ರಣದಲ್ಲಿ ಇಟಾಲಿಕ್‌ನ ಪ್ರಶ್ನೆ

ಆನೇಕಲ್ ತಾಲ್ಲೂಕಿನ ಸರ್ಜಾಪುರದಂತಹ ಊರುಗಳ ದ್ವಿಭಾಷಾ ನಾಮಫಲಕಗಳಲ್ಲಿ ದಪ್ಪನೆಯ, ಬಲಕ್ಕೆ ವಾಲಿದ ರೋಮನ್ ಅಕ್ಷರಗಳೊಡನೆ ಅದೇ ಓರೆಗೆ ಎಳೆದ ಕನ್ನಡವೂ ಕಾಣಸಿಗುತ್ತದೆ. ಫಲಕದ ಶೇ 60ರಷ್ಟು ಭಾಗ ಕನ್ನಡಕ್ಕೆ ಸಲ್ಲಬೇಕೆಂದು 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿ ಅಧಿನಿಯಮ ವಿಧಿಸಿದೆ. ಆ ಕನ್ನಡಕ್ಕೆ ಈ ಓರೆ ಎಲ್ಲಿಂದ ಬಂದಿತೆಂಬುದು ಲಿಪಿಚರಿತ್ರೆಯ ಪ್ರಶ್ನೆ.

ಈ ಅಕ್ಷರರೂಪದಲ್ಲಿ ಎರಡು ಯುರೋಪೀಯ ಪರಂಪರೆಗಳು ಕೂಡಿವೆ. ವೆನಿಸ್‌ನ ಆಲ್ಡಸ್ ಮನೂಟಿಯಸ್ 1501ರಲ್ಲಿ ವರ್ಜಿಲ್‌ನ ಕೃತಿಯನ್ನು ಅಚ್ಚಿಸಿದ್ದು ಇಟಾಲಿಕ್‌ನಲ್ಲಿ; ಅದರ ಮೊಳೆಗಳ ಅಚ್ಚುಗಳನ್ನು ಕೊರೆದವನು ಫ್ರಾನ್ಸೆಸ್ಕೊ ಗ್ರಿಫೊ. ಅದು ಶೀಘ್ರಲಿಪಿಯ ಮುದ್ರಿತ ರೂಪ. ಒತ್ತು, ಉದಾಹರಣೆ, ಅನ್ಯಪದಗಳನ್ನು ಸೂಚಿಸುವ ಕೆಲಸ ಅದಕ್ಕೆ ಅನಂತರ ಬಂದಿತು. ಸ್ಥೂಲ-ಸೂಕ್ಷ್ಮ ಗೆರೆಗಳ ತೀವ್ರ ಅಂತರ 18ನೆಯ ಶತಮಾನದ ಕೊನೆಯಲ್ಲಿ ದಿದೊ, ಬೊದೊನಿಯವರ ಸೆರಿಫ್ ಅಕ್ಷರಗಳಲ್ಲಿ ನೆಲೆಗೊಂಡಿತು. 19ನೆಯ ಶತಮಾನದ ಆರಂಭದ ಲಂಡನ್ನಿನ ಜಾಹೀರಾತುಗಳು ಅದನ್ನು ಇನ್ನಷ್ಟು ಕೊಬ್ಬಿಸಿದವು.

ಕನ್ನಡದಲ್ಲಿಯೂ ಶೀಘ್ರಲಿಪಿಯಿತ್ತು: ಕಡತಗಳ ಮೋಡಿ ಬರಹ. ಆದರೆ ಅಚ್ಚಿನ ಕನ್ನಡವು ಅದನ್ನು ಜೊತೆಯಕ್ಷರವಾಗಿ ಬೆಳೆಸಲಿಲ್ಲ. ಇದಕ್ಕೆ ಒಂದು ಕಾರಣವನ್ನು ಆರಂಭದ ಭಾಷಾಗ್ರಂಥಗಳ ಸ್ವರೂಪದಲ್ಲಿಯೇ ಊಹಿಸಬಹುದು. 1817ರ ವಿಲಿಯಂ ಕೇರಿಯ ವ್ಯಾಕರಣದಲ್ಲಿಯೂ 1894ರ ಕಿಟೆಲ್ ನಿಘಂಟಿನಲ್ಲಿಯೂ ವಿವರಣೆಯ ಭಾಷೆ ಇಂಗ್ಲಿಷ್. ವಿವರಿಸುವ ಭಾಷೆಯಿಂದ ವಿವರಿಸಲ್ಪಡುವ ಭಾಷೆಯನ್ನು ಲಿಪಿಯೇ ಬೇರ್ಪಡಿಸುತ್ತಿತ್ತು. ಇಟಾಲಿಕ್‌ನ ಕೆಲಸವನ್ನು ಕನ್ನಡ ಲಿಪಿಯೇ ಮಾಡುತ್ತಿತ್ತು.

ಕನ್ನಡವನ್ನು ಕನ್ನಡದಲ್ಲಿಯೇ ವಿವರಿಸುವಾಗ ಈ ಸೌಲಭ್ಯ ಇಲ್ಲವಾಗುತ್ತದೆ. ಆಗ ನೆರವಿಗೆ ಬರುವುದು ‘ಎಂಬ’. ಆದರೆ ಅದು ಉಲ್ಲೇಖದ ಬಲ ಅಂಚನ್ನು ಮಾತ್ರ ಗುರುತಿಸುತ್ತದೆ. ‘ನಿನ್ನೆ ಬಂದನು ಎಂಬ ವಾಕ್ಯವನ್ನು ಬರೆದೆನು’ ಎಂಬಲ್ಲಿ ‘ನಿನ್ನೆ’ ಬಂದುದಕ್ಕೆ ಸೇರಿತೋ ಬರೆದುದಕ್ಕೆ ಸೇರಿತೋ ತಿಳಿಯದು. ಎಡ ಅಂಚನ್ನು ತೋರಿಸುವ ಅಚ್ಚಿನ ಗುರುತು ನಿಜವಾಗಿಯೂ ಬೇಕು. ಆ ಗುರುತು ಓರೆಯೇ ಆಗಬೇಕೆ?

ಗಣಕದ ಯಾಂತ್ರಿಕ ಓರೆಯಲ್ಲಿ ಆಧಾರರೇಖೆಯ ಮೇಲಿನ ತಲೆಕಟ್ಟು, ಗುಡಿಸುಗಳು ಬಲಕ್ಕೂ ಕೆಳಗಿನ ಒತ್ತಕ್ಷರ ಎಡಕ್ಕೂ ಸರಿಯುತ್ತವೆ; ಅಕ್ಷರದ ಲಂಬ ಜೋಡಣೆ ಕದಲುತ್ತದೆ. ದಪ್ಪ ಮತ್ತು ಗೆರೆಯಂತರ ತರುವ ತೊಡಕು ಇದಕ್ಕಿಂತ ಗಂಭೀರವಾದುದು. ರೋಮನ್‌ನ ಸೆರಿಫ್ ಬಹುಮಟ್ಟಿಗೆ ಅಲಂಕಾರ; ಕನ್ನಡದ ಕಿರುಗೆರೆ ಹಾಗಲ್ಲ. ‘ದನ’, ‘ಧನ’ ಎಂಬ ಕನಿಷ್ಠ ಯುಗ್ಮದ ವ್ಯತ್ಯಾಸ ಬರಹದಲ್ಲಿ ನಿಂತಿರುವುದು ಒಂದು ಸೀಳುಗೆರೆಯ ಮೇಲೆ. ‘ರ’, ‘ಠ’ಗಳದು ಒಳಗಿನ ಒಂದು ಚುಕ್ಕೆಯ ಮೇಲೆ. ಸ್ಥೂಲವನ್ನು ಹಿಗ್ಗಿಸಿ ಸೂಕ್ಷ್ಮವನ್ನು ಕುಗ್ಗಿಸುವ ವಿನ್ಯಾಸದಲ್ಲಿ ಮೊದಲು ಅಳಿಯುವುದು ಧ್ವನಿಮಾತ್ಮಕ ವ್ಯತ್ಯಾಸವನ್ನು ಹೊತ್ತ ಈ ಗೆರೆಯೇ.

ನೋಟೊ ಸೆರಿಫ್ ಕನ್ನಡ ಹಲವು ದಪ್ಪಗಳಲ್ಲಿ ದೊರೆತರೂ ಅದರಲ್ಲಿ ಇಟಾಲಿಕ್ ಇಲ್ಲ. ಇದನ್ನು ಕೊರತೆಯೆಂದು ಬಗೆಯಬೇಕಾಗಿಲ್ಲ. ಎರವಲು ಪಡೆಯಬೇಕಾದುದು ಇಟಾಲಿಕ್‌ನ ಕಾರ್ಯವನ್ನು, ಅದರ ಓರೆಯನ್ನಲ್ಲ. ಉದ್ಧರಣ ಚಿಹ್ನೆಯು ‘ಎಂಬ’ಕ್ಕೆ ಇಲ್ಲದ ಎಡ ಅಂಚನ್ನು ಒದಗಿಸುತ್ತದೆ, ಸೀಳುಗೆರೆ ಮುಚ್ಚದಷ್ಟು ಹದವಾದ ದಪ್ಪವು ಒತ್ತನ್ನು ತೋರಿಸಬಲ್ಲುದು. ಭಾಷಾಶಾಸ್ತ್ರದ ಪುಟಕ್ಕೂ ಸರ್ಜಾಪುರದ ಫಲಕಕ್ಕೂ ಅನ್ವಯಿಸುವ ಮೊದಲ ಒರೆಗಲ್ಲು ಒಂದೇ: ಅಲ್ಲಿ ‘ಧನ’ವು ‘ದನ’ವಾಗಿ ಓದಿಸಿಕೊಳ್ಳಬಾರದು.